ಅಲಯನ್ಸ್ ಪದದ ಮೂಲ ಚೀಟಿ

ನಿಘಂಟಿನ ಕಚೇರಿ ಹತ್ತೂವರೆಗೆ ತೆರೆಯುತ್ತಿತ್ತು. ನಾನು ಹತ್ತು ಇಪ್ಪತ್ತಕ್ಕೆ ಬಾಗಿಲ ಮುಂದೆ ಇರುತ್ತಿದ್ದೆ. ಬಿಬವೇವಾಡಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ತಡವಾಗಿ ಹೋದದ್ದು ನಾಲ್ಕು ಸಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಹೊತ್ತಿಗೆ ಸರಿಯಾಗಿ ಬರುವವಳು, ಮೇಜು ಚೊಕ್ಕವಾಗಿ ಇಡುವವಳು ಎಂದು ನನಗೆ ಹೆಸರಿತ್ತು. ಆ ಹೆಸರಿನ ಮರೆಯಲ್ಲಿ ನಿಂತು ನಾನು ಒಬ್ಬರ ಹದಿನಾಲ್ಕು ವರ್ಷದ ಕೆಲಸವನ್ನು ಅಳಿಸಿಹಾಕುವುದರಲ್ಲಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಅದು ತಿಳಿದಿರಬೇಕು.

ಸಂಸ್ಥೆಯ ಹೆಸರು ಬೇಡ. ಈಗ ಅಲ್ಲಿ ಇರುವವರಿಗೆ ನನ್ನ ತಪ್ಪಿನ ಹೊರೆ ಬೇಕಿಲ್ಲ. ಪುಣೆಯಲ್ಲಿತ್ತು ಎಂದರೆ ಸಾಕು. ನಮ್ಮ ದೇಶದಲ್ಲಿ ಬಳಕೆಗೆ ಬಂದ ಇಂಗ್ಲಿಷ್ ಪದಗಳು ಯಾವ ಕಾಲಕ್ಕೆ ಯಾವ ಅರ್ಥ ಕೊಟ್ಟವು ಎಂಬುದನ್ನು ಮರಾಠಿ ಮತ್ತು ಕನ್ನಡ ಅರ್ಥಗಳ ಸಮೇತ ದಾಖಲಿಸುವ ಕೋಶ ನಮ್ಮದು. ಕನ್ನಡದ ಭಾಗ ಧಾರವಾಡದಿಂದ ಬಂದ ನನ್ನ ಪಾಲಿಗಿತ್ತು.

ಕೆಲಸವೆಲ್ಲ ಚೀಟಿಯದು. ಚೀಟಿ ಎಂದರೆ ಅಂಗೈಗಿಂತ ತುಸು ದೊಡ್ಡದಾದ ಗಟ್ಟಿ ಕಾಗದ. ಮೇಲೆ ಪದ. ನಡುವೆ ಆ ಪದ ಬಂದಿರುವ ವಾಕ್ಯ, ಒಂದಕ್ಷರವೂ ಬದಲಾಗದಂತೆ. ಕೆಳಗೆ ಪುಸ್ತಕದ ಹೆಸರು, ಪುಟ, ಆ ಪುಸ್ತಕ ಮೊದಲು ಅಚ್ಚಾದ ವರ್ಷ. ಬಲಮೂಲೆಯಲ್ಲಿ ಓದಿ ಬರೆದವರ ಹೆಸರಿನ ಮೊದಲ ಅಕ್ಷರಗಳು. ಹಿಂಬದಿ ಖಾಲಿ ಇರಬೇಕು. ಹೀಗೆ ಓದಿ ಬರೆಯುವವರನ್ನು ರೀಡರ್ ಎನ್ನುತ್ತಿದ್ದೆವು. ಚೀಟಿಗಳು ವರ್ಷದ ಪ್ರಕಾರ ಡ್ರಾವರಿಗೆ ಹೋಗುತ್ತವೆ. ಪದದ ಯಾವ ಅರ್ಥ ಮೊದಲು, ಯಾವುದು ಆಮೇಲೆ ಎಂಬುದನ್ನು ಆ ಸಾಲು ಹೇಳುತ್ತದೆ. ನಮ್ಮ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ.

ಇದನ್ನು ನನಗೆ ಮೊದಲ ವಾರವೇ ಕಲಿಸಿದವರು ಮುಖ್ಯ ಸಂಪಾದಕರಾದ ಲಿಮಯೆ ಸರ್. ಬೆಳಗಾವಿಯಲ್ಲಿ ಬೆಳೆದ ಮರಾಠಿಯವರು. ನನ್ನನ್ನು ಮರಾಠಿ ರೀತಿಯಲ್ಲಿ ಬಾಯಿ ಎಂದು ಕರೆದು ಕನ್ನಡದಲ್ಲೇ ಬೈಯುತ್ತಿದ್ದರು. ಟಿಫಿನ್ ಎಂಬ ಪದಕ್ಕೆ ನಾನು ಡ್ರಾವರು ತೆರೆಯದೆ ‘ಊಟದ ಡಬ್ಬಿ’ ಎಂದು ಬರೆದುಕೊಂಡು ಹೋಗಿದ್ದೆ.

“ದೇಸಾಯಿ ಬಾಯಿ, ಇದು ನಿಮ್ಮ ಮನಿ ಟಿಫಿನ್. ಡ್ರಾವರಿನ್ಯಾಗಿನ ಟಿಫಿನ್ ಎಲ್ಲದ?”

“ಎಲ್ಲಾರಿಗೂ ಗೊತ್ತಿರೂದು ಇದ ಅಲ್ರಿ ಸರ್?”

“ಎಲ್ಲಾರಿಗೂ ಗೊತ್ತಿದ್ದರ ನಮ್ಮನ್ನ್ಯಾಕ ಇಲ್ಲಿ ಕೂಡಿಸ್ಯಾರ? ಹೋಗ್ರಿ, ಡ್ರಾವರು ತಗೀರಿ.”

ಡ್ರಾವರಿನಲ್ಲಿ ಟಿಫಿನ್ ಎಂದರೆ ಮಧ್ಯಾಹ್ನದ ಹಗುರ ಊಟ. ಡಬ್ಬಿ ಬಹಳ ತಡವಾಗಿ ಬಂದ ಅರ್ಥ. ಅಂದಿನಿಂದ ನಾನು ಚೀಟಿ ನೋಡದೆ ಒಂದು ಪದವನ್ನೂ ಬರೆಯಲಿಲ್ಲ. ಆದರೆ ಚೀಟಿಯನ್ನು ನೋಡುವುದು ಎಂದರೇನು ಎಂಬುದನ್ನು ಕಲಿಯಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ರೀಡರ್‌ಗಳಲ್ಲಿ ಭೀಮಪ್ಪ ಹೊಸಮನಿ ಒಬ್ಬರು. ಯಾದಗಿರಿ ಕಡೆಯವರು. ತಂದೆ ತಾಯಿ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು ಯೆರವಡಾದಲ್ಲಿ ನೆಲೆ ನಿಂತವರು. ಭೀಮಪ್ಪ ಹಗಲು ಕೂಲಿ ಮಾಡಿ ರಾತ್ರಿ ಕಾಲೇಜು ಓದಿ, ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದರು. ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ನಾನು ಕಾಯಂ ನೌಕರಿಯವಳು. ಅವರದು ವರ್ಷ ವರ್ಷಕ್ಕೂ ಮುಂದುವರಿಸುವ ಕರಾರು. ನನಗಿಂತ ಐದಾರು ವರ್ಷಕ್ಕೆ ಚಿಕ್ಕವರು, ನನ್ನನ್ನು ಅಕ್ಕಾರ ಎನ್ನುತ್ತಿದ್ದರು.

ಅವರಿಗೆ ಪತ್ರಿಕೆಯ ವಧೂವರರ ಪುಟ ಎಂದರೆ ಪ್ರೀತಿ. ಊಟದ ಹೊತ್ತಿಗೆ ಗಟ್ಟಿಯಾಗಿ ಓದುತ್ತಿದ್ದರು.

“ಕೇಳ್ರಿ ಅಕ್ಕಾರ. ಹುಡುಗಿ ಗೋದಿ ಬಣ್ಣದಾಕಿ ಅಂತ. ಯಾವ ಗೋದಿ ಅಂತ ಬರದಿಲ್ಲ. ಜವೆ ಗೋದಿನೋ, ಬನ್ಸಿ ಗೋದಿನೋ?”

“ಭೀಮಪ್ಪಾರ, ಊಟ ಮಾಡ್ರಿ. ಹನ್ನೆರಡು ನಿಮಿಷ ಉಳದಾವ.”

“ಹುಡುಗ ಸ್ವಂತ ಫ್ಲ್ಯಾಟು, ಸ್ವಂತ ಕಾರು. ಸ್ವಂತ ಬುದ್ಧಿ ಅದನೋ ಇಲ್ಲೋ ಯಾರೂ ಹಾಕಂಗಿಲ್ಲ ನೋಡ್ರಿ!”

ಆ ಪುಟದಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಪದ ಅಲಯನ್ಸ್. ಅಲಯನ್ಸ್ ಬೇಕಾಗಿದೆ, ಯೋಗ್ಯ ಅಲಯನ್ಸ್ ಬಂದಲ್ಲಿ ಸಂಪರ್ಕಿಸಿ. ಅವರು ಅದನ್ನೂ ಚೀಟಿ ಮಾಡಿ ತಂದರು. ಜಾಹೀರಾತು ಪುಸ್ತಕವಲ್ಲ ಎಂದು ನಾನು ವಾಪಸು ಕೊಟ್ಟೆ. ಅವರು ನೇರವಾಗಿ ಲಿಮಯೆ ಸರ್ ಹತ್ತಿರ ಹೋದರು. ಸರ್ ಜಾಹೀರಾತನ್ನೂ ಒಪ್ಪಿಕೊಳ್ಳುವಂತೆ ನನಗೆ ಹೇಳಿ ಕಳಿಸಿದರು. ನನಗೆ ಅದು ರುಚಿಸಲಿಲ್ಲ. ಅದನ್ನೂ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಆಮೇಲೆ ನಡೆದದ್ದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ.

ನನ್ನ ನಿವೃತ್ತಿಗೆ ಆರು ವರ್ಷ ಇದ್ದಾಗ ಅಲಯನ್ಸ್ ಪದದ ನಮೂದು ಬರೆಯುವ ಸರದಿ ನನಗೆ ಬಂತು. ಡ್ರಾವರು ತೆರೆದರೆ ಒಂದು ಪದ ಎಷ್ಟು ಮನೆ ಬದಲಿಸುತ್ತದೆ ಎಂದು ಕಾಣುತ್ತಿತ್ತು. ಹುಟ್ಟು ಲ್ಯಾಟಿನ್ನಿನದು, ಕಟ್ಟುವುದು, ಬಿಗಿಯುವುದು ಎಂಬ ಅರ್ಥದ ಬೇರು. ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದಾಗ ಮದುವೆಯಿಂದ ಕೂಡುವ ನಂಟನ್ನೂ ಅದು ಹೇಳುತ್ತಿತ್ತು, ರಾಜರ ನಡುವಿನ ಒಪ್ಪಂದವನ್ನೂ ಹೇಳುತ್ತಿತ್ತು. ಆ ಕಾಲಕ್ಕೆ ಇವೆರಡು ದೂರದ ಅರ್ಥಗಳಲ್ಲ. ಹೆಣ್ಣು ಕೊಟ್ಟು ತಂದ ಅರಮನೆಗಳ ನಡುವೆ ಸೈನ್ಯವೂ ಓಡಾಡುತ್ತಿತ್ತು. ಕಾಲ ಕಳೆದಂತೆ ಇಂಗ್ಲೆಂಡಿನಲ್ಲಿ ಮದುವೆಯ ಅರ್ಥ ಹಿಂದೆ ಸರಿದು ರಾಜ್ಯಗಳ ಅರ್ಥ ಮುಂದೆ ಬಂತು.

ನಮ್ಮ ಕಡೆ ಕಂಪನಿ ಸರಕಾರ ಅದನ್ನು ಇನ್ನೊಂದು ಬಗೆಯಲ್ಲಿ ತಂದಿತು. ಸ್ನೇಹದ ಒಪ್ಪಂದ ಎಂಬ ಹೆಸರಿನಲ್ಲಿ ಸಂಸ್ಥಾನದೊಳಗೆ ಕಂಪನಿಯ ಸೈನ್ಯ ಬಂದು ಕೂಡುತ್ತಿತ್ತು, ಕೂತದ್ದು ಏಳುತ್ತಿರಲಿಲ್ಲ. ಪೇಶವೆಯರೂ ಅಂಥದಕ್ಕೆ ಸಹಿ ಹಾಕಿದವರು. ಆ ಚೀಟಿಗಳನ್ನು ಓದುವಾಗ ಲಿಮಯೆ ಸರ್ ಮುಖ ಗಂಟಿಕ್ಕುತ್ತಿತ್ತು. ಆಮೇಲೆ ಮಹಾಯುದ್ಧಗಳ ಚೀಟಿಗಳು. ಆಮೇಲೆ ಪಕ್ಷಗಳವು: ಮರಾಠಿ ಪತ್ರಿಕೆಗಳಲ್ಲಿ ಯುತಿ, ಆಘಾಡಿ, ನಮ್ಮಲ್ಲಿ ಮೈತ್ರಿ. ಈಚಿನ ಚೀಟಿಗಳಲ್ಲಿ ಪುಣೆಯ ಹಿಂಜವಡಿಯ ಐಟಿ ಕಂಪನಿಗಳು ಬೇರೆ ಕಂಪನಿಗಳ ಜೊತೆ ಅಲಯನ್ಸ್ ಮಾಡಿಕೊಳ್ಳುತ್ತಿದ್ದವು. ಅದಕ್ಕೆಂದೇ ಒಬ್ಬ ಅಧಿಕಾರಿಯನ್ನೂ ಇಟ್ಟಿದ್ದವು.

ಉಳಿದದ್ದು ವಧೂವರರ ಪುಟದ ಅಲಯನ್ಸ್. ಕನ್ನಡದಲ್ಲಿ ಬೀಗತನ, ಸಂಬಂಧ, ಮರಾಠಿಯಲ್ಲಿ ಸೋಯರಿಕ್. ಇಂಗ್ಲಿಷಿನ ಹಳೆಯ ಅರ್ಥ ಅಲ್ಲಿ ಸವೆದರೂ ಇಲ್ಲಿ ಅಳಿಯದೆ ಉಳಿದು ಬಂದದ್ದೋ, ಅಥವಾ ಪತ್ರಿಕೆಯವರು ಇತ್ತೀಚೆಗೆ ಹೊಸದಾಗಿ ಹುಟ್ಟಿಸಿದ್ದೋ? ನಮೂದಿನ ಮುಖ್ಯ ಪ್ರಶ್ನೆ ಅದೇ. ಉತ್ತರ ಒಂದೇ ಚೀಟಿಯಲ್ಲಿತ್ತು. ಒಬ್ಬ ಇಂಗ್ಲಿಷ್ ಅಧಿಕಾರಿಯ ಪ್ರವಾಸ ಕಥನದಿಂದ ಭೀಮಪ್ಪ ಅದನ್ನು ಬರೆದಿದ್ದರು. ದಖ್ಖನ್ನಿನ ಎರಡು ದೇಶಮುಖ ಮನೆತನಗಳ ಬೀಗತನವನ್ನು ಆ ಅಧಿಕಾರಿ ಅಲಯನ್ಸ್ ಎಂದು ಕರೆದಿದ್ದ.

ಚೀಟಿಯ ಮೇಲೆ ಶಾಯಿ ಚೆಲ್ಲಿತ್ತು. ಅಂಥವನ್ನು ಶುದ್ಧಪ್ರತಿ ಮಾಡಿ, ಮೂಲ ಚೀಟಿಯನ್ನು ಅದರ ಹಿಂದೆ ಟಾಚಣಿ ಎಂಬ ಗುಂಡುಸೂಜಿಯಿಂದ ಚುಚ್ಚಿ ಇಡುವುದು ಪದ್ಧತಿ. ನಾನು ನಕಲು ಮಾಡಲು ಕೂತೆ. ಅವರು ಹಾಕಿದ ವರ್ಷ ತೀರ ಹಿಂದಿನದು ಅನಿಸಿತು. ಎದ್ದು ಹೋಗಿ ಗ್ರಂಥಾಲಯದಿಂದ ಪುಸ್ತಕ ತಂದು ಶೀರ್ಷಿಕೆಯ ಪುಟ ನೋಡಿದೆ. ಅಲ್ಲಿ ಸುಮಾರು ನೂರು ವರ್ಷ ಈಚಿನ ವರ್ಷ ಇತ್ತು. ಅವರನ್ನು ಕೇಳಲಿಲ್ಲ. ಶೀರ್ಷಿಕೆಯ ಪುಟದ ವರ್ಷವನ್ನು ಬರೆದೆ. ಮೂಲೆಯಲ್ಲಿ ಪದ್ಧತಿಯಂತೆ ಅವರ ಅಕ್ಷರಗಳನ್ನು ಹಾಕಿದೆ: ಭೀ. ಹೊ. ಡ್ರಾವರು ತುಂಬಿತ್ತು, ಟಾಚಣಿಗಳು ತುಕ್ಕು ಹಿಡಿದು ಕಾಗದ ಕೆಡಿಸುತ್ತಿದ್ದವು. ಶಾಯಿ ಚೆಲ್ಲಿದ ಮೂಲ ಚೀಟಿಯನ್ನು ಬುಟ್ಟಿಗೆ ಹಾಕಿದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ಸಂಪುಟದ ಆ ಭಾಗ ಅಚ್ಚಾಗಿ ಬಂತು. ಮದುವೆಯ ಅರ್ಥ ಇತ್ತೀಚಿನದು, ಪತ್ರಿಕೆಗಳಿಂದ ಬಂದದ್ದು ಎಂದು ನಮೂದು ಹೇಳಿತು. ಎರಡು ತಿಂಗಳಿಗೆ ಹೊರಗಿನ ಒಬ್ಬ ಹಿರಿಯ ಪ್ರಾಧ್ಯಾಪಕರ ಪತ್ರ ಬಂತು. ನೀವು ಬಳಸಿದ್ದು ಮರುಮುದ್ರಣ. ಮೂಲ ಪುಸ್ತಕ ನೂರು ವರ್ಷ ಹಿಂದಿನದು. ಅದರ ಮುನ್ನುಡಿಯಲ್ಲೇ ಬರೆದಿದೆ. ನಿಮ್ಮ ಕೋಶದ ಉಳಿದ ವರ್ಷಗಳನ್ನು ನಂಬುವುದು ಹೇಗೆ ಎಂದು ಕೇಳಿದ್ದರು.

ಲಿಮಯೆ ಸರ್ ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ನಾನು ಮಾಡಿದ ಶುದ್ಧಪ್ರತಿ ಇತ್ತು.

“ವರ್ಷ ಹಾಕೂದು ಯಾರ ಜವಾಬ್ದಾರಿ?”

“ರೀಡರ್‌ದು ರೀ ಸರ್,” ಎಂದರು ಭೀಮಪ್ಪ. “ಆದರ ನಾ ಮುನ್ನುಡಿ ಓದಿನ ಹಾಕೀನ್ರಿ. ಈ ವರ್ಷ ನಂದಲ್ಲ.”

“ಮೂಲ್ಯಾಗಿನ ಅಕ್ಷರ ನಿಮ್ಮ ಹೆಸರಿಂದದ.”

“ಹೆಸರು ನಂದ ರೀ. ವರ್ಷ ನಂದಲ್ಲ.”

ಸರ್ ನನ್ನ ಕಡೆ ತಿರುಗಿದರು. “ಬಾಯಿ, ಮೂಲ ಚೀಟಿ ಎಲ್ಲದ?”

“ಅದರ ಹಿಂದ ಇಲ್ರಿ ಸರ್,” ಎಂದೆ.

ಸುಳ್ಳಲ್ಲ. ಚೀಟಿ ಅಲ್ಲಿ ಇರಲಿಲ್ಲ. ಯಾಕೆ ಇಲ್ಲ ಎಂದು ಸರ್ ಕೇಳಲಿಲ್ಲ, ನಾನು ಹೇಳಲಿಲ್ಲ. ಭೀಮಪ್ಪ ನನ್ನನ್ನು ನೋಡಿದರು. ನಾನು ಮೇಜಿನ ಅಂಚನ್ನು ನೋಡಿದೆ. ಅವರ ವರ್ಷ ಊಹೆಯದು, ನಾನು ಪುಸ್ತಕ ತೆರೆದು ನೋಡಿದವಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಸರ್ ತೀರ್ಮಾನ ಕಚೇರಿಯ ಹಳೆಯ ನಿಯಮದಂತೆ ಇತ್ತು. ರೀಡರ್‌ನ ಒಂದು ವರ್ಷ ಅಚ್ಚಿನಲ್ಲಿ ತಪ್ಪಿದರೆ ಅವನ ಎಲ್ಲ ಚೀಟಿಗಳನ್ನೂ ಡ್ರಾವರಿನಿಂದ ತೆಗೆದಿಡಬೇಕು. ಬೇರೆಯವರು ಪರೀಕ್ಷಿಸುವವರೆಗೆ ಅವು ಇಲ್ಲದಂತೆಯೇ. ಪರೀಕ್ಷಿಸಲು ನಮ್ಮಲ್ಲಿ ಜನ ಇರಲಿಲ್ಲ. ಹಾಗೆ ತೆಗೆದಿಟ್ಟ ಯಾರ ಚೀಟಿಯೂ ತಿರುಗಿ ಒಳಗೆ ಹೋದದ್ದನ್ನು ನಾನು ನೋಡಿರಲಿಲ್ಲ. ಕರಾರನ್ನು ಮುಂದುವರಿಸುವುದಿಲ್ಲ. ಸಂಪುಟದ ಮೊದಲಲ್ಲಿ ಅಚ್ಚಾಗುವ ರೀಡರ್‌ಗಳ ಪಟ್ಟಿಯಿಂದ ಹೆಸರು ತೆಗೆಯುವುದು.

“ತಿಂಗಳ ಕೊನೀತನಕ ಬರಬಹುದು,” ಎಂದರು ಸರ್.

“ಬಂದು ಏನ್ ಮಾಡ್ಲಿ ರೀ?” ಎಂದು ಕೇಳಿ ಭೀಮಪ್ಪ ಹೊರಟುಹೋದರು. ಮರುದಿನದಿಂದ ಬರಲಿಲ್ಲ.

ಚೀಟಿ ತೆಗೆಯುವ ಕೆಲಸ ನನಗೇ ಬಂತು. ಡ್ರಾವರುಗಳ ಕ್ರಮ ಬಲ್ಲವಳು ನಾನು. ದಿನಕ್ಕೆ ಇಷ್ಟು ಎಂದು ಗೊತ್ತುಮಾಡಿಕೊಂಡು, ಭೀ. ಹೊ. ಇದ್ದ ಚೀಟಿಗಳನ್ನು ಒಂದೊಂದಾಗಿ ಎತ್ತಿ ಖಾಲಿ ಡ್ರಾವರುಗಳಿಗೆ ತುಂಬುತ್ತ ಹೋದೆ. ಹದಿನಾಲ್ಕು ವರ್ಷ ಒಬ್ಬ ಮನುಷ್ಯ ಓದಿದ್ದೆಲ್ಲ ನನ್ನ ಬೆರಳ ನಡುವೆ ಹೋಗುತ್ತಿತ್ತು. ಕಾಲುವೆ ಇಲಾಖೆಯ ವರದಿ, ಜೈಲಿನ ನಿಯಮಾವಳಿ, ಮಿಶನರಿ ಹೆಣ್ಣುಮಗಳ ಪತ್ರ, ಗಿರಣಿಯ ತಪಾಸಣೆಯವರ ಟಿಪ್ಪಣಿ. ಒಂಬತ್ತನೆಯ ದಿನ ಒಂದು ಕಟ್ಟು ಕೈಜಾರಿ ನೆಲಕ್ಕೆ ಬಿತ್ತು. ಕೆಲವು ಬೋರಲಾಗಿ ಬಿದ್ದವು. ಹಿಂಬದಿಯಲ್ಲಿ ಬರಹ ಇತ್ತು.

ಸೀಸದಕಡ್ಡಿಯ ಬಹಳ ಸಣ್ಣ ಅಕ್ಷರ. ‘ವರ್ಷ: ಮುನ್ನುಡಿ ನೋಡಿದೆ.’ ಇನ್ನೊಂದರಲ್ಲಿ, ‘ವರ್ಷ: ಶೀರ್ಷಿಕೆ ಪುಟ, ಮೊದಲ ಮುದ್ರಣವೆಂದು ಖಾತ್ರಿ.’ ಮತ್ತೊಂದರಲ್ಲಿ, ‘ವರ್ಷ ಸಿಗಲಿಲ್ಲ, ಗ್ರಂಥಪಾಲರನ್ನು ಕೇಳಿದೆ.’ ನೆಲದ ಮೇಲೆ ಕೂತು ಆ ಕಟ್ಟನ್ನಿಡೀ ತಿರುವಿದೆ. ಆಮೇಲೆ ಡ್ರಾವರಿನೊಳಗಿನವನ್ನು ತಿರುವಿದೆ. ವರ್ಷ ಎಲ್ಲಿಂದ ತೆಗೆದುಕೊಂಡೆ ಎಂದು ಬರೆಯದ ಒಂದು ಚೀಟಿಯೂ ಇರಲಿಲ್ಲ. ಹಿಂಬದಿ ಖಾಲಿ ಇರಬೇಕು ಎಂಬ ನಿಯಮ ಪಾಲಿಸುವ ನಾನು ಹದಿನಾಲ್ಕು ವರ್ಷದಲ್ಲಿ ಅವರ ಒಂದು ಚೀಟಿಯನ್ನೂ ಮಗುಚಿ ನೋಡಿರಲಿಲ್ಲ. ಬುಟ್ಟಿಗೆ ಹಾಕಿದ ಆ ಚೀಟಿಯನ್ನೂ.

ಹೊತ್ತು ಮೂರೂಕಾಲು. ಭೇಟಿಗೆ ಸಮಯ ಕೇಳದೆ ಲಿಮಯೆ ಸರ್ ಕೋಣೆಗೆ ಹೋದದ್ದು ಅದೊಂದೇ ಸಲ.

“ಸರ್, ವರ್ಷ ಬದಲಿಸಿದಾಕಿ ನಾನು. ಮೂಲ ಚೀಟಿ ಒಗದಾಕಿನೂ ನಾನ.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಯಾವತ್ತು ಗೊತ್ತಾತು ನಿಮಗ?”

“ಅವತ್ತ ಗೊತ್ತಿತ್ರಿ. ಅವರು ಇಲ್ಲೇ ನಿಂತಿದ್ದಾಗ.”

“ಒಂಬತ್ತು ದಿನ ಯಾಕ ಬೇಕಾತು ಬಾಯಿ?”

“ಮಂದಿ ತಪ್ಪು ತಿದ್ದಿ ರೂಢಿ ಆಗ್ಯದ್ರಿ. ನಂದು ಹೇಳೂದು ರೂಢಿ ಇಲ್ಲ.”

ಸರ್, “ನಾನೂ ಮುಂದ ಕೇಳಲಿಲ್ಲ,” ಎಂದರು. “ನಿಮ್ಮ ಮೇಜು ಅಷ್ಟು ಸ್ವಚ್ಛ ಇರತದ. ಅದಕ್ಕ ಕೇಳಲಿಲ್ಲ.” ಆಮೇಲೆ ಎದ್ದು ನಿಂತು, “ಪತ್ರಕ್ಕ ಉತ್ತರ ನಾ ಬರೀತೀನಿ. ಅದರಾಗ ನಿಮ್ಮ ಹೆಸರು ಇರತದ. ನೀವು ಮೊದಲ ಯೆರವಡಾಕ್ಕ ಹೋಗ್ರಿ. ಚೀಟಿ ಆಮ್ಯಾಲೆ,” ಎಂದರು.

ಭೀಮಪ್ಪನವರ ಮನೆ ಹುಡುಕಲು ಕಷ್ಟವಾಗಲಿಲ್ಲ. ಪುಸ್ತಕದ ಭೀಮಣ್ಣ ಎಂದರೆ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ಹೆಂಡತಿ ನಾಗಮ್ಮ ಆಗ ತಾನೇ ಕಟ್ಟಡದ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದರು.

“ನೀವೇನ್ರಿ ಚೀಟಿ ಅಕ್ಕಾರು? ಬರ್ರಿ. ಹದಿನಾಕು ವರ್ಷ ಆತು, ಮನ್ಯಾಗ ಸಂತಿ ಚೀಟಿ ಬರದರೂ ಇಂವ ಅದಕ್ಕ ಇಸವಿ ಹಾಕ್ತಾನ.”

ಭೀಮಪ್ಪ ಒಳಗಿನಿಂದ ಬಂದು ಕುರ್ಚಿ ಕೊಟ್ಟರು. ನಾನು ಕೂಡದೆ ನಿಂತೇ ಹೇಳಿದೆ. ವರ್ಷ ಬದಲಿಸಿದ್ದು, ಚೀಟಿ ಒಗೆದದ್ದು, ಸರ್ ಮುಂದೆ ಬಾಯಿ ಮುಚ್ಚಿಕೊಂಡು ನಿಂತದ್ದು, ಕ್ರಮವಾಗಿ, ಏನೂ ಬಿಡದೆ. ನಾಗಮ್ಮನ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು.

“ಒಂಬತ್ತು ದಿವಸ ಇಂವ ಸರಿ ಉಂಡಿಲ್ಲ,” ಎಂದರು ಆಕೆ. “ನೀವು ಉಂಡ್ರೇನ್ರಿ?”

ಉಂಡಿದ್ದೆ. ಒಂದು ಗಂಟೆಗೆ ಸರಿಯಾಗಿ, ಒಂಬತ್ತು ದಿನವೂ. ಹಾಗೆಂದೇ ಹೇಳಿದೆ.

ಭೀಮಪ್ಪ ಹೆಂಡತಿಯನ್ನು ಸುಮ್ಮನಿರಿಸಲಿಲ್ಲ. ನನ್ನ ಮೇಲೆ ಕೂಗಾಡಲೂ ಇಲ್ಲ. ಕೇಳಿದ್ದು ಒಂದೇ: “ತಗದದ್ದು ಎಷ್ಟು ಡ್ರಾವರ ಆದವ್ರಿ?”

“ಏಳು.”

“ಎಲ್ಲಾ ತಿರಗಿ ಅದರದರ ಜಾಗಕ್ಕ ಹೋಗ್ತಾವೇನ್ರಿ?”

“ಹೋಗ್ತಾವ. ನಾನ ಇಡಾಕಿ.”

“ಹಂಗಾರ ನಾಳಿ ಬರ್ತೀನ್ರಿ,” ಎಂದರು.

ಬಂದರು. ಕರಾರು ಮುಂದುವರಿಯಿತು. ಪಟ್ಟಿಯಲ್ಲಿ ಹೆಸರು ಉಳಿಯಿತು. ನಮೂದಿನ ತಿದ್ದುಪಡಿ ಮುಂದಿನ ಭಾಗದಲ್ಲಿ ಅಚ್ಚಾಯಿತು. ಮದುವೆಯ ಅಲಯನ್ಸ್ ಪತ್ರಿಕೆಯವರು ಹುಟ್ಟಿಸಿದ್ದಲ್ಲ, ತೌರಿನಲ್ಲಿ ಸವೆದ ಅರ್ಥವೊಂದು ಇಲ್ಲಿ ನಮ್ಮ ಬೀಗತನದ ಆಸರೆಯಲ್ಲಿ ಉಳಿದದ್ದು ಎಂದು ಅದು ಹೇಳುತ್ತದೆ. ಅದರ ಕೆಳಗೆ ಇರುವ ಅಕ್ಷರಗಳು ಭೀ. ಹೊ. ತೆಗೆಯಲು ಒಂಬತ್ತು ದಿನ ಹಿಡಿದಿತ್ತು. ತಿರುಗಿ ಇಡಲು ಏಳು ವಾರ ಬೇಕಾಯಿತು. ಎರಡೂ ಬದಿ ನೋಡಿ ಇಟ್ಟೆ.

ಅಷ್ಟರಲ್ಲಿ ಕಂಪ್ಯೂಟರ್ ಬಂತು. ಚೀಟಿಗಳನ್ನು ಸ್ಕ್ಯಾನ್ ಮಾಡಿದರು. ಮೊದಲ ಸುತ್ತಿನಲ್ಲಿ ಮುಂಬದಿ ಮಾತ್ರ. ನಾನು ಜಗಳವಾಡಿ ಹಿಂಬದಿಯನ್ನೂ ಮಾಡಿಸಿದೆ. ಅದೊಂದನ್ನು ಮಾತ್ರ ಸಮಾಧಾನದಿಂದ ನೆನೆಯುತ್ತೇನೆ. ಈಗ ನೀವು ತೆರೆಯ ಮೇಲೆ ಒಂದು ವರ್ಷವನ್ನು ತಿದ್ದಿದರೆ ಹಳೆಯದು ಬುಟ್ಟಿಗೆ ಕೂಡ ಹೋಗುವುದಿಲ್ಲ, ಇದ್ದ ಗುರುತೇ ಇರುವುದಿಲ್ಲ. ತಿದ್ದುವ ಮುಂಚೆ ಮೊದಲಿನದನ್ನು ಉಳಿಸಿಕೊಳ್ಳಿ. ಬರೆದವರು ಬದುಕಿದ್ದರೆ, ಪಕ್ಕದ ಕೋಣೆಯಲ್ಲೇ ಇದ್ದರೆ, ಎದ್ದು ಹೋಗಿ ಕೇಳಿ. ನನ್ನಿಂದ ಅವರ ಕುರ್ಚಿ ಹದಿನೈದು ಹೆಜ್ಜೆ ದೂರದಲ್ಲಿತ್ತು.

ಭೀಮಪ್ಪ ನನ್ನನ್ನು ಅಕ್ಕಾರ ಎನ್ನುವುದನ್ನು ಬಿಡಲಿಲ್ಲ. ಊಟದ ಹೊತ್ತಿಗೆ ವಧೂವರರ ಪುಟವನ್ನೂ ಓದಿದರು. ಒಂದು ಬದಲಾವಣೆ ಮಾತ್ರ ಆಗಿತ್ತು. ಪ್ರತಿಯೊಂದು ಚೀಟಿಯನ್ನೂ ಅವರು ಎರಡು ಸಲ ಬರೆಯತೊಡಗಿದರು. ಒಂದನ್ನು ನನಗೆ ಕೊಡುತ್ತಿದ್ದರು, ಇನ್ನೊಂದನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರು. ಒಮ್ಮೆ ಧೈರ್ಯ ಮಾಡಿ ಕೇಳಿದೆ.

“ನನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲೇನ್ರಿ ಭೀಮಪ್ಪಾರ?”

“ಸಿಟ್ಟು ಯಾಕ್ರಿ ಅಕ್ಕಾರ? ಸಿಟ್ಟು ಅವತ್ತ ಹೋತು.” ಚೀಟಿಯಿಂದ ತಲೆ ಎತ್ತದೆಯೇ ಹೇಳಿದರು. “ಇದು ಬ್ಯಾರೆ.”

ನನ್ನ ಕೊನೆಯ ದಿನ ಐದೂವರೆಗೆ ಎಲ್ಲರೂ ಹಾರ, ಪೇಢೆ ಹಿಡಿದು ಹಜಾರದಲ್ಲಿ ಕಾಯುತ್ತಿದ್ದರು. ಭೀಮಪ್ಪನವರ ಒಂದು ಚೀಟಿ ನನಗೆ ಬರಬೇಕಿತ್ತು. ಅದು ಬರೆದು ಮುಗಿದು ಮೇಜಿನ ಮೇಲಿತ್ತು. ಅವರು ಎರಡನೆಯದನ್ನು ಬರೆಯುತ್ತಿದ್ದರು. ಮೊದಲನೆಯದನ್ನು ಎತ್ತಿಕೊಂಡು ನಾನು ಹೊರಡಬಹುದಿತ್ತು. ಹೊರಡಲಿಲ್ಲ. ಅವರು ವಾಕ್ಯ ಬರೆದು, ಪುಟ ಬರೆದು, ವರ್ಷ ಹಾಕಿ, ಮಗುಚಿ ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಬರೆದು, ಅದನ್ನು ಚೀಲದೊಳಗಿಟ್ಟು ಗುಂಡಿ ಹಾಕುವವರೆಗೆ ಅವರ ಮೇಜಿನ ಮುಂದೆ ನಿಂತುಕೊಂಡಿದ್ದೆ.